ಮಾವನ ಅಂಬಾಸಿಡರ್, ಅಮ್ಮನ ಓಮ್ನಿ

ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ಗೊತ್ತಿಲ್ಲ. ನನಗಂತೂ ಮರೆತೇ ಹೋಗಿತ್ತು. ಮೊನ್ನೆ ಉಪ್ಪಳದಲ್ಲಿ ನೆಂಟರ ಮದುವೆಗೆ ಹೋಗಿದ್ದಾಗ ಕಲ್ಯಾಣಮಂಟಪದ ಅಂಗಳದಲ್ಲಿ ಒಂದು ಹಳೆಯ ಅಂಬಾಸಿಡರ್ ನಿಂತಿತ್ತು. ಮದುಮಕ್ಕಳ ಫೋಟೋಕ್ಕೆಂದು ಬಾಡಿಗೆಗೆ ತರಿಸಿದ್ದಂತೆ. ಹುಡುಗರು, ಹುಡುಗಿಯರು ಸರದಿಯಲ್ಲಿ ಅದರ ಬಾನೆಟ್ಟಿಗೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವರೆಲ್ಲ ಊಟಕ್ಕೆ ಹೋದ ಮೇಲೆ ನಾನು ಮೆಲ್ಲಗೆ ಮುಂದಿನ ಬಾಗಿಲು ತೆಗೆದು ಒಳಗೆ ಕೂತೆ. ಮೂಗಿಗೆ ಬಂದದ್ದು ಮೊದಲು ರೆಕ್ಸಿನ್, ಅದರ ಅಡಿಯಲ್ಲಿ ಹಳೆಯ ತೆಂಗಿನ ನಾರು, ಅದಕ್ಕೂ ಅಡಿಯಲ್ಲಿ ಎಷ್ಟು ತೊಳೆದರೂ ಹೋಗದ ಡೀಸೆಲ್. ಯಾರದೋ ಕಾರು ಅದು, ಬಣ್ಣವೂ ಬೇರೆ. ಆದರೂ ಬಲಗಡೆ ನನ್ನ ಐತಪ್ಪ ಮಾವ ಕೂತಿದ್ದಾನೆ, ಇನ್ನೇನು ಸ್ಟಾರ್ಟ್ ಮಾಡುತ್ತಾನೆ ಎಂದೇ ಅನಿಸಿತು. ಯಾರೋ ಊಟಕ್ಕೆ ಕರೆದಾಗ ಇಳಿದು ಹೋದೆ.

ಮಂಜೇಶ್ವರಕ್ಕೂ ಉಪ್ಪಳಕ್ಕೂ ನಡುವೆ, ಹೆದ್ದಾರಿಯ ಬದಿಯಲ್ಲೇ ನಮ್ಮ ಮನೆ ಇತ್ತು. ನಮ್ಮದೆಂದರೆ ಮಾವನದು. ಅಪ್ಪ ತೀರಿಕೊಂಡಾಗ ನಾನು ಕೈಗೂಸು. ಅಮ್ಮ ನನ್ನನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದವಳು ಅಲ್ಲಿಯೇ ಉಳಿದಳು. ಮಾವನಿಗೆ ಮದುವೆಯಾಗಿರಲಿಲ್ಲ. ‘ಅವನಿಗೆ ಕಾರೇ ಸಾಕು, ಹೆಂಡತಿ ಎಂತಕ್ಕೆ’ ಎಂದು ಅಜ್ಜಿ ಬಂದವರ ಎದುರೆಲ್ಲ ಹಂಗಿಸುತ್ತಿದ್ದಳು. ಅಜ್ಜಿ, ಮಾವ, ಅಮ್ಮ, ನಾನು, ಇಷ್ಟೇ ಜನ. ಜಗಲಿಯಲ್ಲಿ ಅಮ್ಮನ ಹೊಲಿಗೆ ಮಿಷನ್, ಮಗ್ಗುಲಲ್ಲಿ ತೆಂಗಿನ ಗರಿಯ ಮಾಡಿನ ಶೆಡ್ಡು, ಶೆಡ್ಡಿನಲ್ಲಿ ಕಪ್ಪು ಮೈ, ಹಳದಿ ತಲೆಯ ಅಂಬಾಸಿಡರ್. ಮಿಷನ್ನಿಗೆ ಹಾಕುವ ಎಣ್ಣೆಯ ವಾಸನೆಯೂ ಕಾರಿನ ಆಯಿಲಿನ ವಾಸನೆಯೂ ಕಲಸಿಕೊಂಡು ಆ ಮನೆಗೆ ಅದರದ್ದೇ ಒಂದು ವಾಸನೆ ಇತ್ತು. ನನ್ನ ಯೂನಿಫಾರ್ಮಿನಲ್ಲೂ ಅದು ಇರುತ್ತಿತ್ತು ಎಂದು ಶಾಲೆಯ ಗೆಳತಿಯರು ಹೇಳುತ್ತಿದ್ದರು.

ಮಾವ ಸ್ಟೇಷನ್ ಹತ್ತಿರದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಗಾಡಿ ಇಡುತ್ತಿದ್ದ. ಆ ಕಾಲದಲ್ಲಿ ಕಾರು ಹತ್ತುವುದೆಂದರೆ ಮನೆಯಲ್ಲಿ ಏನೋ ದೊಡ್ಡದು ನಡೆದಿದೆ ಎಂದೇ ಅರ್ಥ. ಮದುವೆ, ಹೆರಿಗೆ, ಗಲ್ಫಿನಿಂದ ಬರುವ ಮಗನನ್ನು ಬಜ್ಪೆಯ ವಿಮಾನ ನಿಲ್ದಾಣದಿಂದ ಕರೆತರುವುದು, ಮಂಗಳೂರಿನ ಆಸ್ಪತ್ರೆಯಲ್ಲಿ ಇನ್ನಾಗುವುದಿಲ್ಲ ಎಂದವರನ್ನು ಮನೆಗೆ ತರುವುದು, ಎಲ್ಲಕ್ಕೂ ಅದೇ ಕಾರು. ಹೆರಿಗೆಗೆಂದು ಹೋದ ಒಬ್ಬಾಕೆ ಗಡಿಯ ತಲಪಾಡಿ ದಾಟುವುದರೊಳಗೆ ಕಾರಿನಲ್ಲೇ ಹೆತ್ತಿದ್ದಳು. ಆ ಮಗುವಿನ ಮನೆಯವರು ಹಬ್ಬಕ್ಕೆ ತಪ್ಪದೆ ಮಾವನಿಗೆ ತಿಂಡಿ ಕಳಿಸುತ್ತಿದ್ದರು. ಮಾವ ತುಳುವಿನಲ್ಲಿ ಬಾಡಿಗೆ ಮಾತಾಡಿ, ಮಲಯಾಳದಲ್ಲಿ ದಾರಿ ಕೇಳಿ, ಕನ್ನಡದಲ್ಲಿ ಪೇಪರ್ ಓದುತ್ತಿದ್ದ. ಗಾಡಿಯಲ್ಲಿ ಜನ ಇದ್ದಾಗ ಬೀಡಿ ಹಚ್ಚುತ್ತಿರಲಿಲ್ಲ, ಅವರ ಮಾತಿಗೆ ತಾನಾಗಿ ಬಾಯಿ ಹಾಕುತ್ತಿರಲಿಲ್ಲ. ಮದುಮಗಳು ತವರು ಬಿಟ್ಟು ಅಳುತ್ತ ಕೂತಿದ್ದರೆ ಮಾತ್ರ ಗಾಡಿ ನಿಧಾನ ಮಾಡುತ್ತಿದ್ದ. ‘ಹೋಗಿ ಮುಟ್ಟುವಷ್ಟರಲ್ಲಿ ಅವಳ ಕಣ್ಣು ಒಣಗ್ಬೇಕಲ್ಲ’ ಎನ್ನುತ್ತಿದ್ದ.

ವರ್ಷಕ್ಕೊಮ್ಮೆ ಅಜ್ಜಿಯ ತವರಾದ ಬೆಳ್ಳೂರಿಗೆ ನಾವೆಲ್ಲ ಅದರಲ್ಲೇ ಹೋಗುತ್ತಿದ್ದೆವು. ಮುಂದಿನ ಸೀಟು ಈಗಿನ ಹಾಗೆ ಎರಡು ತುಂಡಲ್ಲ, ಒಂದೇ ಉದ್ದನೆಯ ಬೆಂಚಿನಂತೆ. ಗೇರು ಕೂಡ ನೆಲದಲ್ಲಿರಲಿಲ್ಲ, ಸ್ಟಿಯರಿಂಗಿನ ಕೆಳಗೆ ಕೋಲಿನ ಹಾಗೆ ಚಾಚಿಕೊಂಡಿರುತ್ತಿತ್ತು. ಹಾಗಾಗಿ ಮಾವನಿಗೂ ಅಮ್ಮನಿಗೂ ನಡುವೆ ನಾನು ನಿಂತೇ ಪ್ರಯಾಣ ಮಾಡಬಹುದಿತ್ತು. ಎದುರಿಗೆ ಬಾನೆಟ್ಟು, ನಯವಾಗಿ ಉಬ್ಬಿ, ನಡುವೆ ಉದ್ದಕ್ಕೂ ಗೆರೆಯಂತೆ ಎದ್ದ ಒಂದು ಏಣು. ಆ ಏಣು ಮುಂದೆ ಮುಂದೆ ಹೋಗುತ್ತಿತ್ತು, ನಾವು ಅದರ ಹಿಂದಿನಿಂದ ಹೋಗುತ್ತಿದ್ದೆವು. ಏರಿನಲ್ಲಿ ಕಾರು ತಿಣುಕಿದರೆ ಹಿಂದಿನ ಸೀಟಿನಿಂದ ಅಜ್ಜಿಯೂ ತಿಣುಕುತ್ತಿದ್ದಳು, ಕಾರಿಗೆ ಸಹಾಯ ಆಗಲಿ ಎಂಬ ಹಾಗೆ. ಬೆಳ್ಳೂರಿನ ಗುಡ್ಡ ಹತ್ತಿ ಮುಗಿದ ಮೇಲೆ ಮಾವ ಗಾಡಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದದ್ದೂ ಅದೇ ರೀತಿ.

ನಾನು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಆಟೋಗಳು ಹೆಚ್ಚಾಗಿದ್ದವು, ಒಳ ಊರುಗಳಿಗೆ ಜೀಪುಗಳು ಟ್ರಿಪ್ಪು ಹೊಡೆಯುತ್ತಿದ್ದವು. ಗಲ್ಫಿನಿಂದ ಬರುವವರು ಪೆಟ್ಟಿಗೆಗಳನ್ನು ತುಂಬಲಿಕ್ಕೆ ವ್ಯಾನೇ ಬೇಕು ಎನ್ನತೊಡಗಿದರು. ಮಾವ ದಿನವಿಡೀ ಸ್ಟ್ಯಾಂಡಿನಲ್ಲಿ ಪೇಪರ್ ಓದಿ ಮುಗಿಸಿ ಖಾಲಿ ಬರುವ ದಿನಗಳು ಶುರುವಾದವು. ಕೊನೆಗೆ ಅವನೂ ಒಂದು ಹಳೆಯ ಬಿಳಿ ಓಮ್ನಿ ತಂದ. ಅಂಬಾಸಿಡರನ್ನು ಮಾರಲಿಲ್ಲ. ಶೆಡ್ಡನ್ನು ಇನ್ನಷ್ಟು ಅಗಲ ಮಾಡಿ ಎರಡನ್ನೂ ಒಟ್ಟಿಗೆ ನಿಲ್ಲಿಸಿದ. ಅಜ್ಜಿ ಅಂಗಳಕ್ಕೆ ಇಳಿದು ಹೊಸ ಗಾಡಿಗೆ ಒಂದು ಸುತ್ತು ಬಂದು, ‘ಇದಕ್ಕೆ ಮೂತಿಯೇ ಇಲ್ಲವಲ್ಲ ಮಾರಾಯ! ಎದುರಿಂದ ಎಂತಾದ್ರೂ ಬಂದ್ರೆ ಸೀದಾ ನಮ್ಮ ಮೊಣಕಾಲಿಗೆ’ ಎಂದಳು. ಆ ಹೆದರಿಕೆಗೆ, ಬದುಕಿರುವವರೆಗೂ ಆಕೆ ಅದರ ಮುಂದಿನ ಸೀಟಿನಲ್ಲಿ ಕೂರಲಿಲ್ಲ.

ನನಗೆ ಮಾತ್ರ ಓಮ್ನಿಯೇ ಇಷ್ಟವಾಯಿತು. ಅಂಬಾಸಿಡರಿನಲ್ಲಿ ಕೂತರೆ ಒಳಗೆ ಹುಗಿದು ಹೋದ ಹಾಗೆ, ಓಮ್ನಿಯಲ್ಲಿ ಜಗಲಿಯ ಮೇಲೆ ಕೂತ ಹಾಗೆ. ಅದರ ಹಿಂದಿನ ಸೀಟಿನ ಬಾಗಿಲು ತಳ್ಳಬೇಕಾಗಿರಲಿಲ್ಲ, ಎಳೆಯಬೇಕಾಗಿರಲಿಲ್ಲ, ಬದಿಗೆ ಜಾರಿಸಿದರೆ ಸರ್‍ರನೆ ಹೋಗಿ ಟಪ್ ಎನ್ನುತ್ತಿತ್ತು. ಅಂಬಾಸಿಡರ್ ಎಬ್ಬಿಸಲಿಕ್ಕೆ ಮಳೆಗಾಲದಲ್ಲಿ ನಾವೆಲ್ಲ ಸೇರಿ ಹಿಂದಿನಿಂದ ನೂಕಬೇಕಿತ್ತು, ಇದು ಕೀ ತಿರುಗಿಸಿದ ಕೂಡಲೇ ಗುರುಗುಟ್ಟುತ್ತಿತ್ತು. ಅದರಲ್ಲಿ ಡೀಸೆಲ್ ಮತ್ತು ಬಾಡಿದ ಮಲ್ಲಿಗೆಯ ವಾಸನೆ, ಇದರಲ್ಲಿ ಪೆಟ್ರೋಲ್ ಮತ್ತು ಬಿಸಿ ಪ್ಲಾಸ್ಟಿಕ್. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇದ್ದುದರಿಂದ ಮಂಗಳೂರಿಗೆ ಹೋಗಿ ಬಂದರೆ ಕೂತ ಜಾಗವೆಲ್ಲ ಕಾದಿರುತ್ತಿತ್ತು. ಮಾವನಿಗೆ ಈ ಯಾವುದರ ಬಗ್ಗೆಯೂ ದೂರಿರಲಿಲ್ಲ. ಒಂದೇ ಒಂದು ಮಾತು ಹೇಳುತ್ತಿದ್ದ: ‘ಎದುರು ಎಂತದೂ ಇಲ್ಲದೆ ರಸ್ತೆ ಎಲ್ಲಿ ಉಂಟೂಂತ್ಲೇ ಗೊತ್ತಾಗುದಿಲ್ಲ.’ ಅಭ್ಯಾಸವಿಲ್ಲದ್ದಕ್ಕೆ ಹಾಗನ್ನುತ್ತಾನೆ ಎಂದು ನಾವು ನಕ್ಕೆವು.

ಮೊದಲು ನಮ್ಮದೇ ಗೇಟಿನ ಕಂಬಕ್ಕೆ ಓಮ್ನಿಯ ಎಡಗಡೆ ಉಜ್ಜಿತು. ಎರಡು ವಾರ ಬಿಟ್ಟು ಪುನಃ ಅದೇ ಕಂಬ. ಆಮೇಲೆ ಒಂದು ದಿನ ಹೊಸಂಗಡಿ ಪೇಟೆಯಲ್ಲಿ, ನಾನು ಹಿಂದೆ ಕೂತಿದ್ದಾಗ, ಎಡಬದಿಯಲ್ಲಿ ನಡೆದು ಹೋಗುತ್ತಿದ್ದ ಮೀನು ಮಾರುವ ಹೆಂಗಸಿನ ಬುಟ್ಟಿಗೆ ಗಾಡಿಯ ಕನ್ನಡಿ ತಾಗಿ ಬುಟ್ಟಿ ಮಗುಚಿತು. ಆಕೆಗೆ ಏನೂ ಆಗಲಿಲ್ಲ. ಬಂಗುಡೆಗಳು ಮಾತ್ರ ಡಾಂಬರಿನ ಮೇಲೆ ಚೆಲ್ಲಿಹೋದವು. ‘ಎಂತ ಐತಪ್ಪಣ್ಣ, ಕಣ್ಣು ಕಾಣುದಿಲ್ವಾ ನಿಮಗೆ? ಇಷ್ಟು ದೊಡ್ಡ ನಾನು ಇದ್ದೇನಲ್ಲ!’ ಎಂದು ಆಕೆ ಬೊಬ್ಬೆ ಹಾಕಿದಳು. ಮಾವ ಇಳಿದು ಕುಕ್ಕರಗಾಲಿನಲ್ಲಿ ಕೂತು ಮೀನು ಹೆಕ್ಕತೊಡಗಿದ. ನಾನೂ ಹೆಕ್ಕಿದೆ. ಅವನ ಪಕ್ಕದಲ್ಲೇ ಬಿದ್ದಿದ್ದ ಮೀನುಗಳನ್ನು ಅವನು ಬಿಟ್ಟು ಬಿಟ್ಟು ಹೋಗುತ್ತಿದ್ದ. ಮನೆಗೆ ಬಂದು ನಾನು ಅಮ್ಮನಿಗೆ ಅದನ್ನೇ ಹೇಳಿದೆ.

ಅಮ್ಮ ಮಿಷನ್ ನಿಲ್ಲಿಸಿದಳು. ಸಂಜೆ ಮಾವ ಅಂಗಳದಲ್ಲಿ ಸ್ಟೂಲು ಹಾಕಿ ಕೂತಿದ್ದಾಗ ಹೋಗಿ, ‘ಅಣ್ಣ, ನೀನು ಸೀದಾ ರಸ್ತೆ ನೋಡು, ತಲೆ ತಿರುಗಿಸ್ಬೇಡ’ ಎಂದಳು. ಆಮೇಲೆ ಅವನ ಎಡಗಡೆಗೆ ಬಂದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು, ಹೊಲಿಯುತ್ತಿದ್ದ ಕೆಂಪು ರವಕೆಯನ್ನು ಎತ್ತಿ ಹಿಡಿದಳು.

‘ನನ್ನ ಕೈಯಲ್ಲಿ ಎಂತ ಉಂಟು, ಹೇಳು.’

ಮಾವ ಬಹಳ ಹೊತ್ತು ರಸ್ತೆಯನ್ನೇ ನೋಡಿದ. ‘ನೀನು ಎಲ್ಲಿದ್ದಿ, ವಾರಿಜ?’ ಎಂದು ಕೇಳಿದ.

ಮಂಗಳೂರಿನ ಕಣ್ಣಿನ ಡಾಕ್ಟರು ಗ್ಲಾಕೋಮ ಎಂದರು. ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನೋಟ ಬದಿಗಳಿಂದ ಶುರುವಾಗಿ ನಡುವಿಗೆ ಬರುತ್ತಾ ಮುಚ್ಚಿಹೋಗುವ ರೋಗ. ಇರುವುದನ್ನು ಸ್ವಲ್ಪ ಕಾಲ ಉಳಿಸಬಹುದು, ಹೋದದ್ದು ಬರುವುದಿಲ್ಲ. ಎಷ್ಟೋ ವರ್ಷದಿಂದ ಇದ್ದಿರಬೇಕು, ಇಷ್ಟು ದಿನ ಗಾಡಿ ಹೇಗೆ ಬಿಟ್ಟಿರಿ ಎಂದು ಅವರು ಕೇಳಿದರು. ಮಾವ ಹೇಳಿದ್ದು ಇಷ್ಟೇ: ಅಂಬಾಸಿಡರಿನಲ್ಲಿ ಬಾನೆಟ್ಟಿನ ಏಣನ್ನು ನೋಡಿಕೊಂಡು ಬಿಡುತ್ತಿದ್ದೆ, ಅದರಿಂದ ಎಡಕ್ಕೆಷ್ಟು ಬಲಕ್ಕೆಷ್ಟು ಎಂಬ ಅಂದಾಜು ಮೈಯಲ್ಲೇ ಇತ್ತು. ಓಮ್ನಿಗೆ ಬಾನೆಟ್ಟಿರಲಿಲ್ಲ. ಆ ಗಾಡಿ ಬಂದಿರದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲವೋ ಏನೋ. ಗೊತ್ತಾಗುವಾಗ ಇನ್ನೇನಾಗಿರುತ್ತಿತ್ತೋ.

ಅವತ್ತು ಬಸ್ಸಿನಲ್ಲಿ ವಾಪಸು ಬಂದ ಮಾವ ಎರಡೂ ಕೀಗಳನ್ನು ದೇವರ ಫೋಟೋದ ಕೆಳಗಿನ ಮೊಳೆಗೆ ಸಿಕ್ಕಿಸಿದ. ಆಮೇಲೆ ಬೆಳಿಗ್ಗೆ ಚಾ ಕುಡಿದು ಶೆಡ್ಡಿಗೆ ಹೋಗಿ ಅಂಬಾಸಿಡರಿನ ಡ್ರೈವರ್ ಸೀಟಿನಲ್ಲಿ ಕೂರುವುದು, ಮಧ್ಯಾಹ್ನ ಉಣ್ಣಲಿಕ್ಕೆ ಬರುವುದು, ಪುನಃ ಹೋಗಿ ಕೂರುವುದು. ಓಮ್ನಿಯನ್ನು ಮಾರಿಬಿಡೋಣ ಎಂದಳು ಅಜ್ಜಿ. ಅಮ್ಮ ಆಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲೂ ಇಲ್ಲ.

‘ಮಾರುದೆಂತಕ್ಕೆ? ನಾನು ಬಿಡ್ತೇನೆ.’

ಅಜ್ಜಿ ನಕ್ಕಳು. ಮಾವ ನಗಲಿಲ್ಲ, ಸಿಟ್ಟಾದ. ‘ಸ್ಟ್ಯಾಂಡಿನಲ್ಲಿ ಗಂಡಸರ ನಡುವೆ ನೀನು ಗಾಡಿ ಇಡುದಾ? ನನ್ನನ್ನು ಊರಲ್ಲಿ ತಲೆ ಎತ್ತಿ ನಡೀಲಿಕ್ಕೆ ಬಿಡುದಿಲ್ವಾ ನೀನು?’ ಎಂದ. ಸ್ಟ್ಯಾಂಡಿನಲ್ಲಿ ಇಡುವುದಿಲ್ಲ, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಎಂದಳು ಅಮ್ಮ. ಆಚೆ ಮನೆಯ ನಫೀಸಾ ಈ ಮಾತನ್ನು ಮೊದಲೇ ಆಡಿದ್ದಳಂತೆ. ಅವಳ ಇಬ್ಬರು ಹೆಣ್ಣುಮಕ್ಕಳು ಲಾರಿಗಳು ಓಡುವ ಹೆದ್ದಾರಿಯ ಬದಿಯಲ್ಲೇ ನಡೆದು ಶಾಲೆಗೆ ಹೋಗುತ್ತಿದ್ದರು. ‘ನೀವು ಬಿಡುದಾದ್ರೆ ನಾಳೆಯೇ ಕಳಿಸ್ತೇನೆ ವಾರಿಜಕ್ಕ. ಹೆಂಗಸು ಬಿಡುದಾದ್ರೆ ನನಗೂ ಧೈರ್ಯ’ ಎಂದಿದ್ದಳು. ಮಾವ ಎದ್ದು ಶೆಡ್ಡಿಗೆ ಹೋದ. ಅಣ್ಣ ತಂಗಿಯ ನಡುವೆ ಕೆಲವು ದಿನ ಮಾತೇ ಇರಲಿಲ್ಲ. ಊಟಕ್ಕೆ ಕರೆಯಲಿಕ್ಕೆ ಅಮ್ಮ ನನ್ನನ್ನು ಕಳಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಶೆಡ್ಡಿನಿಂದ ಹಾರ್ನ್ ಕೇಳಿಸಿತು. ಮಾವ ಅಂಬಾಸಿಡರಿನ ಎಡಗಡೆಯ ಸೀಟಿನಲ್ಲಿ ಕೂತು ಬಲಕ್ಕೆ ಬಾಗಿ ಹಾರ್ನ್ ಒತ್ತುತ್ತಿದ್ದ. ಅಮ್ಮ ಜಗಲಿಗೆ ಬಂದಳು. ‘ಬಾ, ಕೂತ್ಕೊ. ಮೂತಿ ಇರುವ ಗಾಡಿಯಲ್ಲೇ ಕಲಿ. ಇದನ್ನು ಬಿಟ್ಟವಳು ಯಾವುದನ್ನೂ ಬಿಟ್ಟಾಳು’ ಎಂದ. ಪೈವಳಿಕೆಯ ಕಡೆ ಒಂದು ದೊಡ್ಡ ಪದವು, ಕೆಂಪು ಕಲ್ಲಿನ ಬಯಲು, ಹುಲ್ಲು, ಅಂಚಿನ ಗೇರುಮರಗಳು ಬಿಟ್ಟರೆ ಏನೂ ಬೆಳೆಯದ ಜಾಗ. ಮಾವನ ಸ್ನೇಹಿತನೊಬ್ಬ ಕಾರನ್ನು ಅಲ್ಲಿವರೆಗೆ ಬಿಟ್ಟುಕೊಟ್ಟು ಮರದಡಿ ಹೋಗಿ ಮಲಗುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕ್ಲಚ್ ಒತ್ತುತ್ತಿದ್ದಳು. ಕೈಗೇರು ಕರಕರ ಅಂದಾಗಲೆಲ್ಲ ಮಾವ ತನ್ನ ಹಲ್ಲೇ ನೋವಾದ ಹಾಗೆ ಮುಖ ಹಿಂಡುತ್ತಿದ್ದ, ಆದರೆ ಬೈಯಲಿಲ್ಲ. ‘ಕಾಲನ್ನು ನೋಡ್ಬೇಡ. ಕಾಲು ಎಲ್ಲಿಗೂ ಹೋಗುದಿಲ್ಲ. ಮುಂದೆ ನೋಡು’ ಎನ್ನುತ್ತಿದ್ದ. ಗೇರುಬೀಜ ಹೆಕ್ಕಲಿಕ್ಕೆ ಬಂದ ಹೆಂಗಸರು ಬುಟ್ಟಿ ಕೆಳಗಿಟ್ಟು ನಿಂತು ನೋಡುತ್ತಿದ್ದರು. ಕಾರು ಒಮ್ಮೆ ಗಕ್ಕನೆ ನಿಂತು ಅಮ್ಮನ ಹಣೆ ಸ್ಟಿಯರಿಂಗಿಗೆ ಬಡಿದಾಗ ಅವರಲ್ಲೊಬ್ಬಳು ಓಡಿ ಬಂದು ನೀರು ಕೊಟ್ಟು, ‘ಬಿಡ್ಬೇಡಿ ಅಕ್ಕ, ಬರ್ತದೆ’ ಎಂದಳು. ಅಮ್ಮ ಅತ್ತದ್ದು ಆಗ ಒಂದೇ ಸಲ. ಪೆಟ್ಟಾದದ್ದಕ್ಕಲ್ಲ, ಆ ಮಾತಿಗೆ ಎಂದು ನನಗೆ ಬಹಳ ವರ್ಷದ ಮೇಲೆ ಹೊಳೆಯಿತು.

ಲೈಸೆನ್ಸಿನ ಪರೀಕ್ಷೆಯಲ್ಲಿ ನೆಟ್ಟ ಕಂಬಗಳ ನಡುವೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಗಾಡಿ ಹಿಂದೆ ಮುಂದೆ ತೆಗೆಯಬೇಕು. ಅಮ್ಮ ಮೊದಲ ಸಲ ಒಂದು ಕಂಬ ಬೀಳಿಸಿದಳು, ಮುಂದಿನ ಸಲ ಪಾಸಾದಳು. ಜೂನ್‌ನಲ್ಲಿ ಶಾಲೆ ಶುರುವಾದಾಗ ಓಮ್ನಿಯಲ್ಲಿ ನಫೀಸಾಳ ಇಬ್ಬರು ಮಕ್ಕಳು, ನಾನು, ಅಷ್ಟೇ. ಉಳಿದವರು ಒಂದು ತಿಂಗಳು ಗೇಟಿನಲ್ಲಿ ನಿಂತು ನೋಡಿದರು. ಮಳೆ ಜೋರಾದ ಮೇಲೆ ಒಬ್ಬೊಬ್ಬರೇ ಕಳಿಸಿದರು. ಓಣಂ ರಜೆಯ ಹೊತ್ತಿಗೆ ಗಾಡಿ ತುಂಬಿ, ಹಿಂದೆ ಅಡ್ಡ ಹಲಗೆ ಹಾಕಿಸಬೇಕಾಯಿತು. ಪೆಟ್ರೋಲಿನ ವಾಸನೆ ಹೋಗಿ ಒದ್ದೆ ಕೊಡೆ, ಉಪ್ಪಿನಕಾಯಿ, ಮೂಸಂಬಿ ಸಿಪ್ಪೆಯ ವಾಸನೆ ಬಂತು.

ಮೊದಲ ದಿನ ಮಾವ ಮನೆಯಲ್ಲೇ ಉಳಿದಿದ್ದ. ಎರಡನೇ ದಿನ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಂದು ಅಮ್ಮನ ಎಡಗಡೆ ಕೂತ. ಒಬ್ಬಳೇ ಹೋದರೆ ಮಕ್ಕಳನ್ನು ಹತ್ತಿಸುವವರಾರು, ಇಳಿಸುವವರಾರು ಎಂದ. ಅಲ್ಲಿಂದ ಮುಂದೆ ಒಂಬತ್ತು ಹತ್ತು ವರ್ಷ ಅವನ ಕೆಲಸ ಅದೇ. ಪ್ರತಿ ಮನೆಯ ಎದುರು ಇಳಿಯುವುದು, ಕೈಯಿಂದ ತಡವಿ ಬಾಗಿಲು ಜಾರಿಸುವುದು, ಬ್ಯಾಗು ತೆಗೆದುಕೊಳ್ಳುವುದು, ಮಗುವಿನ ತಲೆ ಮುಟ್ಟಿ ಒಳಗೆ ಹೋಯಿತೆಂದು ಖಾತ್ರಿ ಮಾಡಿಕೊಂಡು ಬಾಗಿಲು ಮುಚ್ಚುವುದು. ಸ್ಟ್ಯಾಂಡಿನ ಹಳೆಯ ಸ್ನೇಹಿತರು, ‘ಎಂತ ಐತಪ್ಪಣ್ಣ, ತಂಗಿಯ ಗಾಡಿಯಲ್ಲಿ ಕ್ಲೀನರಾ ಈಗ?’ ಎಂದು ಕೂಗಿ ಕೇಳಿದರೆ, ‘ಹೌದು ಮಾರಾಯ, ಖಾಲಿ ಕೂತ್ಕೊಳ್ಳುದಕ್ಕಿಂತ ಒಳ್ಳೆದು’ ಎನ್ನುತ್ತಿದ್ದ. ಕೇಳಿದವನೂ ಆ ಹೊತ್ತಿಗೆ ಖಾಲಿಯೇ ಕೂತಿರುತ್ತಿದ್ದುದರಿಂದ ಮಾತು ಮುಂದುವರಿಯುತ್ತಿರಲಿಲ್ಲ.

ಆ ನಡುವೆ ಅಜ್ಜಿ ತೀರಿಕೊಂಡಳು. ಮಾವನ ನೋಟ ಮುಚ್ಚುತ್ತಾ ಬಂದು, ಕೊನೆಗೆ ಬೆಳಕು ಕತ್ತಲೆ ಮಾತ್ರ ತಿಳಿಯುವಷ್ಟಾಯಿತು. ಆಗಲೂ ವಾರಕ್ಕೊಮ್ಮೆ ಅಂಬಾಸಿಡರನ್ನು ಕೈಯಲ್ಲೇ ಸವರಿ ಸವರಿ ತೊಳೆಯುತ್ತಿದ್ದ. ತುಕ್ಕು ಹಿಡಿದ ಜಾಗ ನಮಗಿಂತ ಮೊದಲು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಹಳೆಯ ಕಾರುಗಳ ಹುಚ್ಚಿದ್ದ ಒಬ್ಬರು ಕಾಞಂಗಾಡಿನಿಂದ ಬಂದು ಕೇಳಿದಾಗ ಅವನೇ ಕೊಡೋಣ ಎಂದ. ಅವರು ಒಯ್ಯಲು ಬರುವ ದಿನ ಬೆಳಿಗ್ಗೆ ಅಮ್ಮ ಕೀ ತೆಗೆದುಕೊಂಡು ಹೊರಟು, ‘ಅಣ್ಣ, ಬಾ, ಒಂದು ರೌಂಡ್ ಹೋಗಿ ಬರುವ’ ಎಂದಳು. ಮಾವ ಅಭ್ಯಾಸದಂತೆ ಎಡಗಡೆಯ ಮುಂದಿನ ಬಾಗಿಲಿಗೆ ಕೈ ಹಾಕಿದ. ಅಮ್ಮ ಅವನ ಕೈ ಹಿಡಿದು ಹಿಂದಿನ ಬಾಗಿಲು ತೆಗೆದು ಕೂರಿಸಿದಳು. ನಾನು ಅವನ ಪಕ್ಕ ಕೂತೆ. ಗಾಡಿ ಹೆದ್ದಾರಿ ಹತ್ತಿ, ಕಣ್ವತೀರ್ಥದ ಕಡೆ ತಿರುಗಿ, ಸಮುದ್ರದ ಸದ್ದು ಕೇಳುವವರೆಗೆ ಹೋಯಿತು. ಅಷ್ಟು ಹೊತ್ತೂ ಮಾವ ಎರಡೂ ಕೈಯನ್ನು ಸೀಟಿನ ಮೇಲೆ ಊರಿ ಕೂತಿದ್ದ.

‘ಶಾಲೂ,’ ಎಂದ ನನಗೆ, ‘ಹಿಂದಿನ ಸೀಟು ಇಷ್ಟು ಮೆತ್ತಗೆ ಉಂಟೂಂತ ನನಗೆ ಗೊತ್ತೇ ಇರ್ಲಿಲ್ಲ.’

ಅಮ್ಮ ಗಾಡಿಯನ್ನು ಇನ್ನೂ ಸ್ವಲ್ಪ ನಿಧಾನ ಮಾಡಿದಳು.

ಮಾವ ಹೋಗಿ ಈಗ ತುಂಬ ವರ್ಷವಾಯಿತು. ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದ್ದ, ಅಷ್ಟೇ. ಅಮ್ಮ ಆಮೇಲೂ ಕೆಲವು ವರ್ಷ ವ್ಯಾನ್ ಬಿಟ್ಟಳು. ಶಾಲೆಗಳಿಗೆ ತಮ್ಮದೇ ಬಸ್ಸುಗಳು ಬಂದ ಮೇಲೆ ಓಮ್ನಿಯನ್ನು ತರಕಾರಿ ಮಾರುವ ಒಬ್ಬರಿಗೆ ಕೊಟ್ಟಳು. ಅದು ಕೆಲಕಾಲ ಮೈಕು ಕಟ್ಟಿಕೊಂಡು ಬಂದ್ಯೋಡಿನ ಕಡೆ ತಿರುಗಾಡುತ್ತಿತ್ತು, ಆಮೇಲೆ ಕಾಣಲಿಲ್ಲ. ನನಗೆ ಮಂಗಳೂರಿನಲ್ಲಿ ಕೆಲಸವಾಗಿ ಅಮ್ಮ ನನ್ನೊಟ್ಟಿಗೆ ಬಂದಳು. ಹೆದ್ದಾರಿ ಅಗಲ ಮಾಡುವಾಗ ಮನೆ, ಜಗಲಿ, ಶೆಡ್ಡು, ಬಾವಿ ಎಲ್ಲ ಹೋಯಿತು. ಒಡೆಯುವ ದಿನ ನೋಡಲಿಕ್ಕೆ ಬರುತ್ತೀಯಾ ಎಂದು ಕೇಳಿದ್ದಕ್ಕೆ ಅಮ್ಮ ಬೇಡ ಎಂದಿದ್ದಳು.

ಮೊನ್ನೆಯ ಮದುವೆ ಮುಗಿಸಿ ವಾಪಸು ಬರುವಾಗ ನನ್ನ ಕಾರಿನಲ್ಲಿ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಆರು ಸಾಲಿನ ಹೊಸ ರಸ್ತೆ, ಎರಡು ಕಡೆಯೂ ಕಾಂಕ್ರೀಟ್ ಗೋಡೆ, ಗುರುತು ಹಿಡಿಯಲಿಕ್ಕೆ ಒಂದು ಮರವೂ ಉಳಿದಿರಲಿಲ್ಲ. ‘ನಮ್ಮ ಮನೆ ಇಲ್ಲೇ ಅಲ್ವಾ?’ ಎಂದಳು ಅಮ್ಮ. ಅಷ್ಟರಲ್ಲಿ ನಾವು ದಾಟಿಯಾಗಿತ್ತು. ಅಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಮುಂದೆ ಹೋಗಿ, ಅಂಡರ್‌ಪಾಸಿನಲ್ಲಿ ತಿರುಗಿಸಿ, ಸರ್ವಿಸ್ ರಸ್ತೆಯಲ್ಲಿ ಹಿಂದೆ ಬಂದು, ಅಂದಾಜಿನ ಮೇಲೆ ಒಂದು ಕಡೆ ನಿಲ್ಲಿಸಿದೆ. ಅಮ್ಮ ಇಳಿದಳು. ಗೋಡೆಯಾಚೆ ವಾಹನಗಳು ಒಂದರ ಹಿಂದೊಂದು ಓಡುತ್ತಿದ್ದವು. ಆಕೆ ಕಣ್ಣಿಗೆ ಕೈ ಅಡ್ಡ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

‘ಎಷ್ಟು ಅಗಲ ಮಾಡಿದ್ದಾರೆ ನೋಡು,’ ಎಂದಳು. ‘ಆಗಲೇ ಇಷ್ಟು ಅಗಲ ರಸ್ತೆ ಇದ್ದಿದ್ರೆ ಅಣ್ಣ ಇನ್ನೂ ನಾಲ್ಕು ವರ್ಷ ಗಾಡಿ ಬಿಡ್ತಿದ್ದ.’

ಸ್ವಲ್ಪ ಹೊತ್ತು ನಿಂತೆವು. ಬಿಸಿಲು ಜೋರಾಗಿತ್ತು. ಆಮೇಲೆ ಅಮ್ಮ ತಾನೇ ಬಂದು ಕಾರಿನಲ್ಲಿ ಕೂತಳು.